ಪಾರ್ಟಿ ಒಂದೇ, ಹೆಸರು ಮೂರು: ಮಾಸ್ಟರ್ ಡೇಟಾ ಸಿಂಕ್‌ಗೆ ಶೀಟೋ, ಫೋಲ್ಡರೋ, ಬಕೆಟ್ಟೋ?

ಬಳ್ಳಾರಿ ಕೌಲ್ ಬಜಾರ್‌ನ ಒಂದು ಜೀನ್ಸ್ ಯೂನಿಟ್‌ನಲ್ಲಿ ಬಾಕಿ ಪಟ್ಟಿ ನೋಡ್ತಾ ಕೂತಿದ್ದೆ. ಗುಂತಕಲ್‌ನ ಒಂದು ಬಟ್ಟೆ ಅಂಗಡಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ 'ಶ್ರೀ ವೆಂಕಟೇಶ್ವರ ಗಾರ್ಮೆಂಟ್ಸ್' ಎಂದಿತ್ತು. ಶೋರೂಮಿನ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಅದೇ ಅಂಗಡಿ 'ವೆಂಕಟೇಶ್ವರ ಗಾರ್ಮೆಂಟ್ಸ್ ಜಿಟಿಎಲ್'. ಆರ್ಡರ್ ಹಿಡಿಯುವ ಹುಡುಗರ ಮೊಬೈಲ್ ಆ್ಯಪ್‌ನಲ್ಲಿ 'ಎಸ್‌ವಿ ಗಾರ್ಮೆಂಟ್ಸ್'. ಮೂರರಲ್ಲೂ ಬೇರೆ ಬೇರೆ ಬಾಕಿ. "ಅವ ನಮಗ ಒಟ್ಟು ಎಷ್ಟು ಕೊಡಬೇಕು, ಅದೊಂದು ಹೇಳಪ್ಪ" ಎಂದರು ಸಾವ್ಕಾರ್ರು. ಗುಮಾಸ್ತ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಉತ್ತರ ಸಿಕ್ಕಿದ್ದು ಸಂಜೆ ಆರಕ್ಕೆ, ಅದೂ ಹಳೆ ಬಿಲ್ಲುಗಳನ್ನೆಲ್ಲ ಹರವಿಕೊಂಡು ಕೂತ ಮೇಲೆ.

ಪಾರ್ಟಿ (ಅಂದರೆ ನಮ್ಮ ಜತೆ ವ್ಯವಹಾರ ಮಾಡುವವರು) ಹೆಸರು, ಜಿಎಸ್‌ಟಿ ನಂಬರು, ಐಟಂ, ಎಚ್‌ಎಸ್‌ಎನ್ ಕೋಡು (ತೆರಿಗೆಗಾಗಿ ಸರಕಿನ ಬಗೆ ಹೇಳುವ ಸಂಖ್ಯೆ), ದರ, ಗೋಡೌನು. ದಿನಾ ಬದಲಾಗದ, ಆದರೆ ಪ್ರತಿ ಬಿಲ್ಲಿಗೂ ಬೇಕಾಗುವ ಈ ಪಟ್ಟಿಗಳಿಗೇ ಮಾಸ್ಟರ್ ಡೇಟಾ ಎನ್ನುವುದು. ಸಾಫ್ಟ್‌ವೇರ್ ಒಂದೇ ಇದ್ದಾಗ ತಲೆನೋವಿಲ್ಲ. ಎರಡಾದ ದಿನವೇ ಶುರು. ಎಲ್ಲಾ ಕಡೆ ಪಟ್ಟಿ ಒಂದೇ ಇರುವಂತೆ ನೋಡಿಕೊಳ್ಳುವುದೇ ಸಿಂಕ್. ಈಗ ಗಂಗಾವತಿಯ ಗಿರಣಿಯಿಂದ ರಾಯಚೂರಿನ ವಿತರಕರವರೆಗೆ ಎಲ್ಲರೂ ನನ್ನನ್ನು ಕೇಳುವುದು ಒಂದೇ: "ಕ್ಲೌಡ್‌ನಲ್ಲಿಟ್ಟು ಎಲ್ಲಾ ಕಡೆ ಒಂದೇ ಮಾಡ್ಬೇಕು, ಯಾವುದು ಚೊಲೊ?" ಗೂಗಲ್ ಶೀಟ್ ಸಾಕು ಅಂತ ಒಬ್ಬರು ಹೇಳಿರ್ತಾರೆ. ಡ್ರೈವ್ ಫೋಲ್ಡರ್ ಹಾಕಿಸು ಅಂತ ಇನ್ನೊಬ್ಬರು. ಅಳಿಯನೋ ಮೈದುನನೋ ಬೆಂಗಳೂರಿನಲ್ಲಿದ್ದರೆ ಎಸ್3 ಬಕೆಟ್ (ಅಮೆಜಾನ್‌ನವರ ಕ್ಲೌಡ್ ಗೋದಾಮು) ಅಂತ ಹೇಳಿರ್ತಾನೆ. ಮೂರೂ ಸರಿಯೇ, ಆದರೆ ಎಲ್ಲರಿಗೂ ಅಲ್ಲ.

ಆರಿಸುವ ಮುಂಚೆ

ಮೊದಲ ಪ್ರಶ್ನೆ ಕ್ಲೌಡ್‌ನದ್ದೇ ಅಲ್ಲ. ಯಾವ ಮಾಹಿತಿಗೆ ಯಾರು ಯಜಮಾನ ಎನ್ನುವುದು. ಪಾರ್ಟಿ ಹೆಸರು, ಜಿಎಸ್‌ಟಿ ನಂಬರು, ಸಾಲದ ಮಿತಿ ಲೆಕ್ಕದ ಆಫೀಸಿನವರದು. ದರ ಮಾರಾಟ ನೋಡಿಕೊಳ್ಳುವವರದು. ಅಂಗಡಿಯವರ ಫೋನ್ ನಂಬರು ಲೈನಿಗೆ ಹೋಗುವ ಹುಡುಗರದು. ಹೀಗೆ ಒಂದೊಂದು ಕಾಲಂಗೂ ಒಬ್ಬನೇ ಯಜಮಾನ. ಬದಲಿಸುವುದು ಅವನು ಮಾತ್ರ. ಉಳಿದವರು ತಗೊಂಡು ಬಳಸಬೇಕಷ್ಟೆ. "ಬೇಡ, ಎಲ್ಲಾ ಕಡೆಯಿಂದಲೂ ಬದಲಿಸೋ ಹಂಗಿರಲಿ" ಎಂದಿರೋ, ಖರ್ಚೂ ಜಗಳವೂ ಜಾಸ್ತಿಯಾಯಿತೆಂದೇ ಲೆಕ್ಕ. ಬೆಳಿಗ್ಗೆ ಶೋರೂಮಿನವರು ಒಂದು ಹೆಸರು ತಿದ್ದಿ, ಅದೇ ಹೊತ್ತಿಗೆ ಆಫೀಸಿನವರು ಇನ್ನೊಂದು ತಿದ್ದಿದರೆ ಯಾವುದು ಉಳಿಯಬೇಕು? ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕೊನೆಗೆ ಬಂದದ್ದನ್ನು ಇಟ್ಟುಕೊಳ್ಳುತ್ತದೆ.

ಎರಡನೆಯದು ಕೋಡು. ಹೆಸರಿನ ಮೇಲೆ ಹೊಂದಿಸಿದರೆ ಮೇಲಿನ ವೆಂಕಟೇಶ್ವರನ ಕಥೆಯೇ. ಜಿಎಸ್‌ಟಿ ನಂಬರಿನ ಮೇಲೆ ಹೊಂದಿಸಬಹುದಲ್ವಾ ಎಂದು ಕೇಳ್ತಾರೆ. ಅರ್ಧ ಸರಿ. ಅದು 15 ಅಕ್ಷರ. ಮೊದಲ ಎರಡು ರಾಜ್ಯ, ನಮ್ಮದು 29, ಆಂಧ್ರದ ಗುಂತಕಲ್ ಆದೋನಿ ಕಡೆಯವರದು 37, ತೆಲಂಗಾಣದವರದು 36. ಮುಂದಿನ ಹತ್ತು ಪ್ಯಾನ್. ಒಂದೇ ಪಾರ್ಟಿ ಎರಡು ಸಲ ಸೇರಿದೆಯಾ ಎಂದು ಹಿಡಿಯಲು ಇದಕ್ಕಿಂತ ಒಳ್ಳೆ ಸಾಧನ ಇಲ್ಲ. ಆದರೆ ಒಂದೇ ನಂಬರಿನಲ್ಲಿ ಒಬ್ಬರಿಗೆ ಮೂರು ಅಂಗಡಿ ಇರಬಹುದು. ಸಣ್ಣ ಅಂಗಡಿಯವರಿಗೆ ನಂಬರೇ ಇರುವುದಿಲ್ಲ. ಹಾಗಾಗಿ ನಿಮ್ಮದೇ ಒಂದು ಕೋಡು ಕೊಡಿ: ಪಿ0412 ಅನ್ನುವ ಥರ. ಅಕ್ಷರದಿಂದಲೇ ಶುರುವಾಗಲಿ, ಕಾರಣ ಮುಂದೆ ಹೇಳ್ತೀನಿ. ಟ್ಯಾಲಿಯಲ್ಲಿ ಈ ಕೋಡನ್ನು ಲೆಡ್ಜರಿನ (ಪಾರ್ಟಿಯ ಖಾತೆಯ) ಅಲಿಯಾಸ್, ಅಂದರೆ ಇನ್ನೊಂದು ಹೆಸರಿನ ಜಾಗದಲ್ಲಿ ಹಾಕಿ. ಹೆಸರು ನಾಳೆ ತಿದ್ದಿದರೂ ಕೋಡು ಅಲ್ಲೇ ಇರುತ್ತದೆ.

ಆಮೇಲೆ ಎಷ್ಟು ಬೇಗ ಬೇಕು ಎಂಬುದು. ಫೋನ್ ನಂಬರು ಒಂದು ದಿನ ತಡವಾದರೆ ಏನೂ ಮುಳುಗುವುದಿಲ್ಲ. 'ಈ ಪಾರ್ಟಿಗೆ ಇನ್ನು ಉದ್ರಿ ಬಂದ್' ಎನ್ನುವುದು ಮಾತ್ರ ಸಂಜೆಯ ಲೋಡ್ ಹೊರಡುವ ಮುಂಚೆ ತಲುಪಬೇಕು. ನನ್ನ ಅನುಭವದಲ್ಲಿ ನೂರಕ್ಕೆ ತೊಂಬತ್ತು ಅಂಗಡಿಗೆ ದಿನಕ್ಕೆ ಎರಡು ಸಲ ಸಾಕು. 'ಲೈವ್ ಬೇಕು' ಎನ್ನುವವರು ಹೆಚ್ಚಿನವರು ಆ ಪದ ಎಲ್ಲೋ ಕೇಳಿರ್ತಾರೆ ಅಷ್ಟೆ.

ಕರೆಂಟು, ನೆಟ್ಟು ಹೋದಾಗ ಏನಾಗುತ್ತದೆ ಎಂದೂ ನೋಡಬೇಕು. ತಪ್ಪಾದರೆ ನಿನ್ನೆಯ ಪಟ್ಟಿಗೆ ಮರಳಲು ಆಗುತ್ತಾ ಎಂದೂ. ಇನ್ನು ನಾನು ಎಲ್ಲಕ್ಕಿಂತ ಭಾರ ಕೊಡುವುದು ಇದಕ್ಕೆ: ಕೆಟ್ಟ ದಿನ ಸರಿ ಮಾಡುವವರು ಯಾರು? ಹಾಕಿಕೊಟ್ಟ ಹುಡುಗ ಹೈದರಾಬಾದಿಗೆ ಹೋಗಿರ್ತಾನೆ. ಅಂಗಡಿಯಲ್ಲಿ ಉಳಿಯುವುದು ಗುಮಾಸ್ತ. ಅವನ ಕೈಗೆ ಎಟುಕದ ವ್ಯವಸ್ಥೆ ಎಷ್ಟು ಅಗ್ಗವಾದರೂ ತುಟ್ಟಿಯೇ. ಕ್ಲೌಡ್ ಬಾಡಿಗೆಯನ್ನು ನಾನು ಕೊನೆಗೆ ನೋಡುವುದು ಇದಕ್ಕೇ. ಪಟ್ಟಿಗಳು ಎಷ್ಟು ದೊಡ್ಡವಿರ್ತಾವೆ ಹೇಳಿ? 3,000 ಪಾರ್ಟಿ, ಒಂದೊಂದಕ್ಕೆ 150 ಅಕ್ಷರ ಎಂದರೂ ಅರ್ಧ ಎಂಬಿ ಆಗುವುದಿಲ್ಲ. ಯೂನಿಕೋಡ್ (ಎಲ್ಲ ಭಾಷೆಗೂ ನಡೆಯುವ ಅಕ್ಷರ ಸಂಕೇತ) ಕಡತದಲ್ಲಿ ಕನ್ನಡದ ಒಂದೊಂದು ಚಿಹ್ನೆ ಮೂರು ಬೈಟ್ ತಿನ್ನುತ್ತದೆ, ಹೆಸರೆಲ್ಲ ಕನ್ನಡದಲ್ಲಿದ್ದರೂ ಒಂದು ಎಂಬಿ ಆಸುಪಾಸು. ಒಂದು ಫೋಟೋಕ್ಕಿಂತ ಚಿಕ್ಕದು.

ಈಗಿರುವ ದಾರಿ: ವಾಟ್ಸಾಪ್ ಮತ್ತು ಎಕ್ಸೆಲ್

ಇದನ್ನು ಬೈಯುವುದಿಲ್ಲ. ವಾರಕ್ಕೆ ಎರಡು ಹೊಸ ಪಾರ್ಟಿ ಬರುವ ಅಂಗಡಿಗೆ 'ಹೊಸ ಪಾರ್ಟಿ ಸೇರಿಸ್ರಿ' ಎಂದು ಗ್ರೂಪಿನಲ್ಲಿ ಹಾಕುವುದೇ ಸಾಕು. ಕೋಡು ಹಾಕುವ ಶಿಸ್ತು ಇದ್ದರೆ ಇನ್ನೂ ಎರಡು ವರ್ಷ ಹೀಗೇ ನಡೆಸಿ. ಆದರೆ ದರ ಬದಲಾಗುವ ದಿನ ಇದು ಕೈಕೊಡುತ್ತದೆ. 2025ರ ಸೆಪ್ಟೆಂಬರ್ 22ರಂದು ಬಟ್ಟೆಯ ಜಿಎಸ್‌ಟಿ ಬದಲಾಯಿತಲ್ವಾ? ಅದಕ್ಕೂ ಮುಂಚೆ ಒಂದು ಪೀಸಿಗೆ 1,000 ರೂಪಾಯಿವರೆಗೆ ಶೇ 5, ಮೇಲಿದ್ದರೆ ಶೇ 12. ಅವತ್ತಿನಿಂದ 2,500ರವರೆಗೆ ಶೇ 5, ಅದಕ್ಕೂ ಮೇಲೆ ಶೇ 18. ಅಂದರೆ 1,400 ರೂಪಾಯಿಯ ಪ್ಯಾಂಟು 12ರಿಂದ 5ಕ್ಕೆ ಇಳಿಯಿತು. ಆ ಬೆಳಿಗ್ಗೆ ಟ್ಯಾಲಿಯಲ್ಲಿ ತಿದ್ದಿ ಶೋರೂಮಿನಲ್ಲಿ ಮರೆತಿದ್ದರೆ ಒಂದೇ ಪ್ಯಾಂಟಿಗೆ ಎರಡು ತೆರಿಗೆ. ಆದ್ದರಿಂದ ಯಾವ ದಾರಿ ಹಿಡಿದರೂ ದರ, ತೆರಿಗೆ ಇರುವ ಪಟ್ಟಿಯಲ್ಲಿ 'ಯಾವ ತಾರೀಕಿನಿಂದ' ಎನ್ನುವ ಒಂದು ಕಾಲಂ ಇರಲಿ. ಮೂರು ದಿನ ಮುಂಚೆಯೇ ಪಟ್ಟಿ ಕಳಿಸಿಟ್ಟು ನೆಮ್ಮದಿಯಾಗಿ ಮಲಗಬಹುದು.

ಗೂಗಲ್ ಶೀಟ್: ಎಲ್ಲರಿಗೂ ಕಾಣುವ ಒಂದೇ ಖಾತೆ ಪುಸ್ತಕ

ಒಂದು ಶೀಟು, ಅದೇ ಮೂಲ. ಹೊಸ ಪಾರ್ಟಿ ಬಂದರೆ ಮೊದಲು ಶೀಟಿನಲ್ಲಿ ಬರೆಯಬೇಕು, ಆಮೇಲೆ ಉಳಿದ ಕಡೆ. ಖರ್ಚಿಲ್ಲ. ಗೂಗಲ್ ಖಾತೆಗೆ 15 ಜಿಬಿ ಬಿಟ್ಟಿ, ಶೀಟಿನ ಮಿತಿ ಒಂದು ಕೋಟಿ ಸೆಲ್. ನಿಮ್ಮ ಪಟ್ಟಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಯಾರು ಏನು ಬದಲಿಸಿದರು ಎಂಬ ಇತಿಹಾಸ ತಾನಾಗಿ ಉಳಿಯುತ್ತದೆ. ನಿನ್ನೆಯ ಪಟ್ಟಿಗೆ ಹೋಗುವುದು ಎರಡು ಕ್ಲಿಕ್ ಕೆಲಸ. ಕಾಲಂಗಳಿಗೆ ಬೀಗ ಹಾಕಬಹುದು. ಸಾಲದ ಮಿತಿ ಕಾಲಂ ಆಫೀಸಿನವರಿಗೆ ಮಾತ್ರ, ಫೋನ್ ಕಾಲಂ ಹುಡುಗರಿಗೂ ತೆರೆದಿದೆ, ಹೀಗೆ. ಯಜಮಾನ ಯಾರು ಎಂಬ ಪ್ರಶ್ನೆಗೆ ಇಷ್ಟು ಸಲೀಸಾಗಿ ಉತ್ತರ ಕೊಡುವುದು ಇನ್ನೊಂದಿಲ್ಲ. ಗುಮಾಸ್ತರಿಗೆ ಹೆದರಿಕೆಯೂ ಆಗುವುದಿಲ್ಲ, ಎಕ್ಸೆಲ್ ಥರವೇ ಇದೆಯಲ್ಲ.

ತೊಂದರೆ ಶೀಟಿಗೆ ಹಾಕುವಾಗ, ಹೊರಗೆ ತೆಗೆಯುವಾಗ. ಒಣಮೆಣಸಿನಕಾಯಿ ವ್ಯಾಪಾರದವರೊಬ್ಬರ ಪಟ್ಟಿ ತೆರೆದಾಗ ಎಚ್‌ಎಸ್‌ಎನ್ ಕಾಲಂನಲ್ಲಿ 904 ಎಂದಿತ್ತು. ಮೆಣಸಿನಕಾಯಿಯ ಕೋಡು 0904. ಮುಂದಿನ ಸೊನ್ನೆಯನ್ನು ಶೀಟು 'ಇದು ಸಂಖ್ಯೆ' ಎಂದುಕೊಂಡು ನುಂಗಿತ್ತು. ತೊಗರಿಬೇಳೆಯ 0713ಕ್ಕೂ ಇದೇ ಗತಿ. ಎಕ್ಸೆಲ್ ಇನ್ನೂ ಒಂದು ಹೆಜ್ಜೆ ಮುಂದೆ: 12 ಅಂಕಿಯ ಬಾರ್‌ಕೋಡ್ ಕೊಟ್ಟರೆ ಅದನ್ನು ದಶಮಾಂಶ ಮತ್ತು 'ಇ' ಅಕ್ಷರ ಸೇರಿಸಿ ತೋರಿಸುತ್ತದೆ. ಹಾಗೇ ಸಿಎಸ್‌ವಿ ಕಡತವಾಗಿ (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸಾದಾ ಪಟ್ಟಿ) ಸೇವ್ ಮಾಡಿದರೆ ಮೂಲ ಅಂಕಿ ಹೋಯಿತು. ಜುಲೈ 4 ಇದ್ದದ್ದು ಏಪ್ರಿಲ್ 7 ಆಗಿಬಿಡುತ್ತದೆ. ಕೋಡು ಅಕ್ಷರದಿಂದ ಶುರುವಾಗಲಿ ಎಂದದ್ದು ಇದಕ್ಕೇ. ಕೋಡು ಬರುವ ಕಾಲಂಗಳನ್ನು ಟೈಪ್ ಮಾಡುವ ಮುಂಚೆಯೇ 'ಪ್ಲೇನ್ ಟೆಕ್ಸ್ಟ್' ಮಾಡಿಡಿ.

ಕನ್ನಡ ಹೆಸರುಗಳದ್ದು ಬೇರೆಯೇ ಗೋಳು. ಹಳೆ ಕಂಪ್ಯೂಟರಿನಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದು ಶೀಟಿಗೆ ಬಂದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅವನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಯೂನಿಕೋಡ್‌ನಲ್ಲೇ ಇದ್ದರೂ ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಕೆಲವೊಮ್ಮೆ ಗಜಿಬಿಜಿ ಕಾಣುತ್ತದೆ. ಗಾಬರಿಯಾಗಿ ಸೇವ್ ಒತ್ತಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಯುಟಿಎಫ್-8 (ಯೂನಿಕೋಡ್‌ನ ಒಂದು ಬಗೆ) ಎಂದು ಹೇಳಿ ತೆರೆಯಿರಿ, ಅಕ್ಷರ ಸರಿಯಾಗಿಯೇ ಬರುತ್ತದೆ.

ಶೀಟಿನ ಇನ್ನೊಂದು ಕೊರತೆ: ಟ್ಯಾಲಿ ತಾನಾಗಿ ಹೋಗಿ ಅದನ್ನು ಓದುವುದಿಲ್ಲ. ಯಾರಾದರೂ ಇಳಿಸಿಕೊಂಡು ಇಂಪೋರ್ಟ್ ಮಾಡಬೇಕು. ಟ್ಯಾಲಿಪ್ರೈಮ್ 4.0 ಬಂದಮೇಲೆ ಎಕ್ಸೆಲ್‌ನಿಂದಲೇ ನೇರ ಇಂಪೋರ್ಟ್ ಆಗುತ್ತದೆ, ಮೊದಲಿನ ಎಕ್ಸ್‌ಎಂಎಲ್ (ಸಾಫ್ಟ್‌ವೇರ್‌ಗಳು ಮಾಹಿತಿ ಕೊಟ್ಟು ತಗೊಳ್ಳುವ ಒಂದು ಬರಹ ರೂಪ) ಪಾಡು ಇಲ್ಲ. ಒಂದು ಎಚ್ಚರಿಕೆ. ಇರುವ ಲೆಡ್ಜರೇ ಮತ್ತೆ ಬಂದರೆ ಏನು ಮಾಡಬೇಕೆಂದು ಟ್ಯಾಲಿಗೆ ಹೇಳುವ ಒಂದು ಆಯ್ಕೆ ಇದೆ: ಓಪನಿಂಗ್ ಬ್ಯಾಲೆನ್ಸ್ (ಶುರುವಿನ ಬಾಕಿ) ಕೂಡಿಸು, ಬಿಟ್ಟುಬಿಡು, ಹೊಸದರಂತೆ ಬದಲಿಸು. ಮೊದಲನೆಯದು ಇದ್ದಂತೆಯೇ ಬ್ಯಾಲೆನ್ಸ್ ಇರುವ ಕಡತ ಎರಡು ಸಲ ಹಾಕಿದರೆ ಬಾಕಿ ದುಪ್ಪಟ್ಟು. ಮಾಸ್ಟರ್ ಪಟ್ಟಿಯಲ್ಲಿ ಬ್ಯಾಲೆನ್ಸ್ ಕಾಲಂ ಇಡಲೇಬೇಡಿ, ಮುಗಿಯಿತು.

ಮತ್ತೆ, 'ಲಿಂಕ್ ಇದ್ದವರಿಗೆಲ್ಲ' ಎಂದು ಶೀಟನ್ನು ತೆರೆದಿಡಬೇಡಿ. ನಿಮ್ಮ ಪಾರ್ಟಿ ಪಟ್ಟಿ, ಅವರಿಗೆ ಕೊಡುವ ದರ, ಎರಡೂ ಪಕ್ಕದ ಬೀದಿಯವರಿಗೆ ಸಿಕ್ಕರೆ ಏನಾಗುತ್ತದೆ ಎಂದು ನಾನು ಹೇಳಬೇಕಾ? ಕೆಲಸ ಬಿಟ್ಟ ಹುಡುಗನ ಜಿಮೇಲ್ ಅವತ್ತೇ ತೆಗೆಯಬೇಕು.

ಸಿಂಕ್ ಫೋಲ್ಡರ್: ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್

ಎರಡು ಊರಿನ ಕಂಪ್ಯೂಟರುಗಳಲ್ಲಿ ಒಂದೇ ಫೋಲ್ಡರ್. ಇಲ್ಲಿ ಹಾಕಿದ ಕಡತ ಸ್ವಲ್ಪ ಹೊತ್ತಿಗೆ ಅಲ್ಲಿ ಕಾಣುತ್ತದೆ. ಬಿಟ್ಟಿ ಸಿಗುವುದು ಒನ್‌ಡ್ರೈವ್‌ನಲ್ಲಿ 5 ಜಿಬಿ, ಡ್ರಾಪ್‌ಬಾಕ್ಸ್‌ನಲ್ಲಿ 2 ಜಿಬಿ. ನಮ್ಮ ಕೆಲಸಕ್ಕೆ ಅದೇ ಧಾರಾಳ. ಸಾಫ್ಟ್‌ವೇರ್ ತಾನಾಗಿ ಒಂದು ಫೋಲ್ಡರಿಗೆ ಕಡತ ಬರೆಯುವಂತಿದ್ದರೆ, ಇನ್ನೊಂದು ಸಾಫ್ಟ್‌ವೇರ್ ಒಂದು ಫೋಲ್ಡರಿನಿಂದ ಓದುವಂತಿದ್ದರೆ, ಇದಕ್ಕಿಂತ ಸುಲಭ ಇಲ್ಲ. ನೆಟ್ ಹೋದರೂ ಕಡತ ಸ್ಥಳದಲ್ಲೇ ಕಾಯುತ್ತದೆ, ಬಂದಾಗ ಹೋಗುತ್ತದೆ. ಗುಮಾಸ್ತ ಕಣ್ಣಿಂದ ನೋಡಬಹುದು: ಕಡತ ಬಂತಾ, ಎಷ್ಟು ಗಂಟೆಯದು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಗಿರಣಿಯಲ್ಲಿ ಜಾಣತನ ಮಾಡಿ ಟ್ಯಾಲಿಯ ಡೇಟಾ ಫೋಲ್ಡರನ್ನೇ ಸಿಂಕ್ ಫೋಲ್ಡರಿನೊಳಗೆ ಇಟ್ಟೆ. ಗಿರಣಿಯಲ್ಲೂ ತೆರೆಯಬಹುದು, ಮನೆಯಲ್ಲೂ ತೆರೆಯಬಹುದು ಎಂದು. ಹತ್ತು ದಿನ ಚೆನ್ನಾಗಿಯೇ ಇತ್ತು. ಹನ್ನೊಂದನೇ ದಿನ ಇಬ್ಬರೂ ಒಟ್ಟಿಗೆ ತೆರೆದರು. ಒಳಗಿನ ಕಡತಗಳಲ್ಲಿ ಅರ್ಧ ಇವರದು, ಅರ್ಧ ಅವರದು. ಕಂಪನಿ ತೆರೆಯಲೇ ಇಲ್ಲ. ನಾಲ್ಕು ದಿನ ಹಿಂದಿನ ಬ್ಯಾಕಪ್ ಪೆನ್‌ಡ್ರೈವಿನಲ್ಲಿ ಸಿಕ್ಕಿತು, ನಾಲ್ಕು ದಿನದ ಬಿಲ್ಲು ಮತ್ತೆ ಕೂತು ಹೊಡೆದೆವು. ಆ ವರ್ಷ ಅವರು ನನಗೆ ಪೂರ್ತಿ ದುಡ್ಡು ಕೊಡಲಿಲ್ಲ, ನಾನೂ ಕೇಳಲಿಲ್ಲ. ಓಡುತ್ತಿರುವ ಸಾಫ್ಟ್‌ವೇರಿನ ಒಳಗಿನ ಡೇಟಾ ಫೋಲ್ಡರನ್ನು ಸಿಂಕ್‌ಗೆ ಹಾಕಲೇಬಾರದು. ಹೊರಗೆ ತೆಗೆದ ಪಟ್ಟಿ ಮಾತ್ರ ಹೋಗಬೇಕು.

ಇನ್ನೆರಡು ಸಣ್ಣ ಅಪಾಯ. ಒಂದೇ ಕಡತವನ್ನು ಎರಡು ಕಡೆ ತಿದ್ದಿದರೆ ಡ್ರಾಪ್‌ಬಾಕ್ಸ್ 'ಕಾನ್‌ಫ್ಲಿಕ್ಟೆಡ್ ಕಾಪಿ' ಎಂದು ಎರಡನೇ ಕಡತ ಮಾಡಿಡುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಮದ್ದು: ಬರೆಯುವವನು ಒಬ್ಬನೇ. ಶೋರೂಮಿಗೆ ಒಂದು ಹೊರಡುವ ಫೋಲ್ಡರ್, ಆಫೀಸಿಗೆ ಒಂದು. ಎರಡನೆಯದು ಅರ್ಧ ಬರೆದ ಕಡತ. ಈ ಕಡೆ ಬರೆಯುತ್ತಿರುವಾಗಲೇ ಆ ಕಡೆ ಓದಿದರೆ 3,000 ಪಾರ್ಟಿಯಲ್ಲಿ 1,200 ಮಾತ್ರ ಬಂದಿರುತ್ತವೆ. ಕಡತದ ಕೊನೇ ಸಾಲಿನಲ್ಲಿ 'ಮುಗಿಯಿತು, 3,000' ಎಂದು ಸಾಲಿನ ಎಣಿಕೆ ಬರೆಸಿ. ಓದುವವನು ಮೊದಲು ಅದನ್ನು ನೋಡಲಿ. ಆ ಸಾಲಿಲ್ಲದಿದ್ದರೆ ಮುಟ್ಟಬಾರದು.

ಗಿರಣಿಯವರಿಗೆ ಒಂದು ಮಾತು. ಕಾಟಾ ರೂಮಿನ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7 ಇರುತ್ತದೆ, ತೂಕದ ಸಾಫ್ಟ್‌ವೇರ್ ಅದರಲ್ಲೇ ಓಡುವುದು. ಗೂಗಲ್ ಡ್ರೈವ್‌ನ ಈಗಿನ ಡೆಸ್ಕ್‌ಟಾಪ್ ಪ್ರೋಗ್ರಾಂ ಅದರಲ್ಲಿ ನಡೆಯುವುದಿಲ್ಲ, ವಿಂಡೋಸ್ 10 ಬೇಕು. ಅದಕ್ಕೆಂದು ಕಾಟಾ ಕಂಪ್ಯೂಟರ್ ಬದಲಿಸಬೇಡಿ. ಅದರ ಕಡತವನ್ನು ಗಿರಣಿಯೊಳಗಿನ ನೆಟ್‌ವರ್ಕ್ ಫೋಲ್ಡರಿಗೆ ಹಾಕಿಸಿ, ಆಫೀಸಿನ ಹೊಸ ಕಂಪ್ಯೂಟರ್ ಅಲ್ಲಿಂದ ಕ್ಲೌಡ್‌ಗೆ ಒಯ್ಯಲಿ. ಹಳೆ ಯಂತ್ರ ಇಂಟರ್ನೆಟ್ ಮುಟ್ಟದಿರುವುದೇ ಒಳ್ಳೆಯದು.

ಬಕೆಟ್: ಎಸ್3, ಅಜೂರ್ ಬ್ಲಾಬ್, ಗೂಗಲ್ ಕ್ಲೌಡ್ ಸ್ಟೋರೇಜ್

ಎಸ್3 ಅಮೆಜಾನ್‌ನದು, ಅಜೂರ್ ಮೈಕ್ರೋಸಾಫ್ಟ್‌ನದು. ಇದು ನೋಡಲು ಫೋಲ್ಡರಿನ ಥರವೇ, ಆದರೆ ಮನುಷ್ಯರಿಗಾಗಿ ಅಲ್ಲ, ಪ್ರೋಗ್ರಾಂಗಳಿಗಾಗಿ ಮಾಡಿದ್ದು. ಒಂದು ಕಡೆಯ ಸಣ್ಣ ಸ್ಕ್ರಿಪ್ಟ್ (ತಾನಾಗಿ ಓಡುವ ಚಿಕ್ಕ ಪ್ರೋಗ್ರಾಂ) ಪಟ್ಟಿಯನ್ನು ಬಕೆಟ್‌ಗೆ ಹಾಕುತ್ತದೆ, ಉಳಿದ ಕಡೆಯ ಸ್ಕ್ರಿಪ್ಟ್‌ಗಳು ತಗೊಳ್ಳುತ್ತವೆ. ಟ್ಯಾಲಿ ಕಡೆ ಇದು ಆಗುವುದು ಹೀಗೆ: ಟ್ಯಾಲಿಯನ್ನು ಸರ್ವರ್ ಥರ ಇಟ್ಟರೆ ಸಾಮಾನ್ಯವಾಗಿ 9000 ಎಂಬ ಪೋರ್ಟಿನಲ್ಲಿ (ಬೇರೆ ಪ್ರೋಗ್ರಾಂಗಳು ಬಂದು ಮಾತಾಡುವ ಬಾಗಿಲಿನಲ್ಲಿ) ಕಿವಿಗೊಟ್ಟು ಕೂತಿರುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಕೇಳಿದರೆ ಲೆಡ್ಜರ್ ಪಟ್ಟಿ ಕೊಡುತ್ತದೆ, ಎಕ್ಸ್‌ಎಂಎಲ್‌ನಲ್ಲಿ ಕೊಟ್ಟರೆ ಸೇರಿಸಿಕೊಳ್ಳುತ್ತದೆ. ಟ್ಯಾಲಿ ತೆರೆದಿರಬೇಕು, ಆ ಕಂಪನಿ ಲೋಡ್ ಆಗಿರಬೇಕು ಅಷ್ಟೆ. ರಾತ್ರಿ ಬಂದ್ ಮಾಡಿ ಹೋದರೆ ಬೆಳಿಗ್ಗೆಯವರೆಗೆ ಏನೂ ಬರುವುದಿಲ್ಲ.

ಫೋಲ್ಡರಿನ ತಲೆನೋವುಗಳಲ್ಲಿ ಹಲವು ಇಲ್ಲಿ ಮೂಲದಲ್ಲೇ ಇಲ್ಲ. ಎಸ್3ಯಲ್ಲಿ ಅರ್ಧ ಕಡತ ಎನ್ನುವುದೇ ಇಲ್ಲ. ಪೂರ್ತಿ ಹೋದರೆ ಮಾತ್ರ ಕಾಣುತ್ತದೆ, ಇಲ್ಲದಿದ್ದರೆ ಹಳೆಯದೇ ಇರುತ್ತದೆ. 2020ರ ಡಿಸೆಂಬರ್‌ನಿಂದ ಹೊಸ ಕಡತ ಹಾಕಿದ ಕೂಡಲೇ ಓದಿದವರಿಗೆಲ್ಲ ಹೊಸದೇ ಸಿಗುತ್ತದೆ. ವರ್ಷನಿಂಗ್ ಹಚ್ಚಿಟ್ಟರೆ ಪ್ರತಿ ಹಳೆ ಪಟ್ಟಿಯೂ ಉಳಿಯುತ್ತದೆ. ಯಾವ ಶಾಖೆಗೆ ಓದಲು ಮಾತ್ರ ಬಿಡಬೇಕು, ಯಾರಿಗೆ ಬರೆಯಲು ಬಿಡಬೇಕು ಎಂದು ಒಂದೊಂದು ಕೀಲಿಗೂ (ಪಾಸ್‌ವರ್ಡ್ ಥರದ ಗುಪ್ತ ಕೋಡು) ಬೇರೆ ಬೇರೆ ಅಧಿಕಾರ ಕೊಡಬಹುದು. ಬಾಡಿಗೆ ಕೇಳಿದರೆ ನಗು ಬರುತ್ತದೆ. ಎಸ್3ಯ ಮುಂಬೈ ಕೇಂದ್ರದಲ್ಲಿ 1 ಜಿಬಿಗೆ ತಿಂಗಳಿಗೆ ಸುಮಾರು 0.025 ಡಾಲರ್, ಎರಡು ರೂಪಾಯಿ ಚಿಲ್ಲರೆ. ದಿನಾ ಒಂದು ಎಂಬಿ ಹಾಕಿ ವರ್ಷದ ಪಟ್ಟಿಗಳನ್ನೆಲ್ಲ ಉಳಿಸಿಕೊಂಡರೂ 1 ಜಿಬಿ ಆಗುವುದಿಲ್ಲ. 2022ರ ನವೆಂಬರ್‌ನಿಂದ ಹೈದರಾಬಾದಿನಲ್ಲೂ ಅಮೆಜಾನ್‌ನವರ ಕೇಂದ್ರ ಇದೆ, ರಾಯಚೂರಿಗೆ ಹತ್ತಿರ. ಆದರೆ ಈ ಕೆಲಸಕ್ಕೆ ದೂರ ಹತ್ತಿರದ ಫರಕು ಕಾಣುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಲೆಕ್ಕಪುಸ್ತಕದ ಬ್ಯಾಕಪ್ ದಿನಾ ಭಾರತದಲ್ಲಿರುವ ಸರ್ವರಿಗೇ ಹೋಗಬೇಕೆಂದು 2022ರಿಂದ ನಿಯಮ ಇದೆ. ಆದ್ದರಿಂದ ಮುಂಬೈ ಅಥವಾ ಹೈದರಾಬಾದ್ ಎಂದೇ ಆರಿಸಿಡಿ, ಮುಂದೆ ಬ್ಯಾಕಪ್ಪೂ ಅಲ್ಲೇ ಇಡಬಹುದು.

ಹಾಗಾದರೆ ಎಲ್ಲರಿಗೂ ಬಕೆಟ್ಟೇ ಹಾಕಿಸಬಹುದಲ್ವಾ? ಇಲ್ಲ. ಬಾಡಿಗೆ ಎರಡು ರೂಪಾಯಿ, ಸ್ಕ್ರಿಪ್ಟ್ ಬರೆಯುವವನ ಕೂಲಿ ಸಾವಿರಗಳಲ್ಲಿ. ಅದೂ ಒಂದು ಸಲ ಅಲ್ಲ. ಟ್ಯಾಲಿ ಹೊಸ ಆವೃತ್ತಿ ಬಂದಾಗ, ಬಿಲ್ಲಿಂಗ್‌ನವರು ಒಂದು ಕಾಲಂ ಸೇರಿಸಿದಾಗ, ಮತ್ತೆ ಅವನೇ ಬರಬೇಕು. ಗುಮಾಸ್ತನಿಗೆ ಬಕೆಟ್ ಕಣ್ಣಿಗೆ ಕಾಣುವುದಿಲ್ಲ. ಸ್ಕ್ರಿಪ್ಟ್ ಬರೆಸುವಷ್ಟು ಬೇಡ ಎಂದರೆ ಆರ್‌ಕ್ಲೋನ್ ಎಂಬ ಬಿಟ್ಟಿ ಪ್ರೋಗ್ರಾಂ ಫೋಲ್ಡರಿನಿಂದ ಬಕೆಟ್‌ಗೆ ಕಡತ ಒಯ್ಯುವಷ್ಟು ಕೆಲಸ ಮಾಡುತ್ತದೆ. ಕೀಲಿಯನ್ನು ವಾಟ್ಸಾಪಿನಲ್ಲಿ ಕಳಿಸುವ ಅಭ್ಯಾಸ ಇದ್ದರೆ ಬಕೆಟ್ ತಂಟೆಗೇ ಹೋಗಬೇಡಿ. ಎಸ್3ಯ ಹೊಸ ಬಕೆಟ್‌ಗಳು 2023ರಿಂದ ಹೊರಗಿನವರಿಗೆ ಮುಚ್ಚಿಯೇ ಹುಟ್ಟುತ್ತವೆ, 'ಕೆಲಸ ಆಗ್ತಿಲ್ಲ' ಎಂದು ಯಾರೋ ಅದನ್ನು ತೆರೆದಿಡುವುದೇ ಅಪಾಯ.

ಬಕೆಟ್ ಬಗ್ಗೆ ಕೇಳುವ ಇನ್ನೊಂದು ಪ್ರಶ್ನೆ: ಬದಲಾದದ್ದನ್ನು ಮಾತ್ರ ಕಳಿಸಬೇಕಾ, ಪೂರ್ತಿ ಪಟ್ಟಿಯಾ? ಒಂದು ಎಂಬಿ ಪಟ್ಟಿಗೆ ಬದಲಾವಣೆ ಲೆಕ್ಕ ಇಡುವುದು ಸುಮ್ನೆ ಕೆಲಸ. ಪೂರ್ತಿ ಕಳಿಸಿ. ಶಾಖೆಯಲ್ಲಿ ಎರಡು ದಿನ ಕರೆಂಟ್ ಇಲ್ಲದಿದ್ದರೂ ಮೂರನೇ ದಿನದ ಒಂದೇ ಕಡತ ಎಲ್ಲ ಸರಿಮಾಡುತ್ತದೆ. ಬದಲಾವಣೆ ಮಾತ್ರ ಕಳಿಸುವ ವ್ಯವಸ್ಥೆಯಲ್ಲಿ ಮಂಗಳವಾರದ ಕಡತ ತಪ್ಪಿದರೆ ಆ ತಪ್ಪು ದೀಪಾವಳಿವರೆಗೂ ಗೊತ್ತಾಗುವುದಿಲ್ಲ. ಆದರೆ ಪೂರ್ತಿ ಪಟ್ಟಿಯಲ್ಲಿ ಒಂದು ಪಾರ್ಟಿ ಇಲ್ಲ ಎಂದು ಶಾಖೆಯಲ್ಲಿ ಅಳಿಸಬಾರದು. ಅಳಿಸುವುದೇ ಬೇಡ, 'ಬಂದ್' ಎನ್ನುವ ಕಾಲಂ ಇಟ್ಟು ಗುರುತು ಹಾಕಿ. ನಿನ್ನೆಗಿಂತ ಇವತ್ತಿನ ಪಟ್ಟಿ ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗಿದ್ದರೆ ಸ್ಕ್ರಿಪ್ಟ್ ನಿಂತು ಕೂಗಬೇಕು. ಶೀಟಾಗಲಿ, ಫೋಲ್ಡರಾಗಲಿ, ಈ ನಿಯಮ ಅಲ್ಲೂ ನಡೆಯುತ್ತದೆ.

ಇನ್ನೂ ಎರಡು ದಾರಿ

ಎರಡು ಸಾಫ್ಟ್‌ವೇರ್‌ಗಳನ್ನು ಜೋಡಿಸುವ, ತಿಂಗಳ ಬಾಡಿಗೆಯ ರೆಡಿ ಕನೆಕ್ಟರ್‌ಗಳಿವೆ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನವರೇ ಟ್ಯಾಲಿಗೆ ಕನೆಕ್ಟರ್ ಕೊಡುತ್ತಿದ್ದರೆ ಮೊದಲು ಅದನ್ನೇ ನೋಡಿ, ಕೆಟ್ಟರೆ ಫೋನ್ ಮಾಡಲು ಒಬ್ಬರಿರುತ್ತಾರೆ. ಕೇಳಬೇಕಾದ್ದು ಇಷ್ಟೇ: ಹೆಸರಿನ ಮೇಲೆ ಹೊಂದಿಸುತ್ತದಾ, ಕೋಡಿನ ಮೇಲಾ? 'ಹೆಸರು' ಎಂದರೆ ನಮಸ್ಕಾರ ಹೇಳಿ ಬನ್ನಿ.

ಎರಡನೆಯದು ಸಿಂಕ್ ಬೇಡವೇ ಬೇಡ ಎನ್ನುವ ದಾರಿ. ಎರಡೂ ಕಡೆ ಟ್ಯಾಲಿಯೇ ಇದ್ದರೆ ಅದನ್ನು ಕ್ಲೌಡ್ ಸರ್ವರಿನಲ್ಲಿ ಹಾಕಿಸಿ ಎಲ್ಲರೂ ಅದನ್ನೇ ತೆರೆದರೆ ಮುಗಿಯಿತು, ಪಟ್ಟಿ ಒಂದೇ. ತಿಂಗಳ ಬಾಡಿಗೆ ತಲೆಗಿಷ್ಟು ಎಂದು ಬೀಳುತ್ತದೆ, ನೆಟ್ ಹೋದರೆ ಬಿಲ್ಲಿಂಗೇ ನಿಲ್ಲುತ್ತದೆ. ಗೇಟಿನಲ್ಲಿ ಲಾರಿ ನಿಂತಿರುವ ಗಿರಣಿಗೆ ಇದನ್ನು ನಾನು ಹೇಳುವುದಿಲ್ಲ. ಎರಡು ಶಾಖೆಯ ಹಾರ್ಡ್‌ವೇರ್ ಅಂಗಡಿಗೆ ಹೇಳಿದ್ದೇನೆ, ಚೆನ್ನಾಗಿ ನಡೆಯುತ್ತಿದೆ.

ಯಾರಿಗೆ ಯಾವುದು

ಹೊಲಿಗೆ ಯೂನಿಟ್ ಒಂದು, ಶೋರೂಂ ಒಂದು, 500 ಪಾರ್ಟಿಯೊಳಗೆ: ಶೀಟು. ದಿನಕ್ಕೊಮ್ಮೆ ಗುಮಾಸ್ತ ಇಳಿಸಿ ಹಾಕಲಿ, ಹತ್ತು ನಿಮಿಷದ ಕೆಲಸ. ಸ್ಕ್ರಿಪ್ಟಿಗೆ ರೊಕ್ಕ ಸುರಿಯಬೇಡಿ. ಆ ರೊಕ್ಕದಲ್ಲಿ ಒಬ್ಬರನ್ನು ಒಂದು ವಾರ ಕೂರಿಸಿ ಹಳೆ ಡಬಲ್ ಪಾರ್ಟಿಗಳನ್ನು ಒಂದು ಮಾಡಿಸಿ.

ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿ, ಕಾಟಾ ಸಾಫ್ಟ್‌ವೇರ್ ಬೇರೆ, ಟ್ಯಾಲಿ ಬೇರೆ, ಬೆಂಗಳೂರಿನಲ್ಲಿ ಒಂದು ಡಿಪೋ: ಫೋಲ್ಡರ್. ಇಲ್ಲಿ ಪಾರ್ಟಿಗಿಂತ ಐಟಂ ಪಟ್ಟಿಯೇ ಸೂಕ್ಷ್ಮ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಚ್ಚಿದ ಪ್ಯಾಕಿಗೆ ಶೇ 5 ಜಿಎಸ್‌ಟಿ ಬಂತು, ಮಾರ್ಕೆಟಿಗೆ 26 ಕೆಜಿ ಚೀಲ ಬಂತು. ಅದೇ ಸೋನಾ ಮಸೂರಿ, ಒಂದು ಕೆಜಿ ಫರಕಿಗೆ ಎರಡು ಐಟಂ, ಎರಡು ತೆರಿಗೆ. ಡಿಪೋದ ಪಟ್ಟಿಯಲ್ಲಿ ಎರಡೂ 'ಸೋನಾ' ಎಂದೇ ಇದ್ದರೆ ಬಿಲ್ಲು ತಪ್ಪಿತೆಂದೇ ಅರ್ಥ. ಐಟಂ ಕೋಡಿನಲ್ಲೇ ತೂಕ ಬರಲಿ. ಇನ್ನು ಕಾಟಾದಲ್ಲಿ ಬರುವ ರೈತರ ಹೆಸರೆಲ್ಲ ಟ್ಯಾಲಿಗೆ ಬರಬೇಕಿಲ್ಲ. ಬಂದರೂ ಅವರ ಆಧಾರ್ ನಂಬರು ಆ ಫೋಲ್ಡರಿನಲ್ಲಿ ಇರಬಾರದು.

ರಾಯಚೂರಿನಿಂದ ಮೂರು ತಾಲೂಕಿಗೆ ಮಾಲು ಕೊಡುವ ವಿತರಕರು, ಹತ್ತು ಹನ್ನೆರಡು ಹುಡುಗರ ಕೈಯಲ್ಲಿ ಆರ್ಡರ್ ಆ್ಯಪ್, ಎರಡು ಮೂರು ಶಾಖೆ, ದಿನಾ ಸ್ಕೀಮು ದರ ಬದಲಾಗುವ ವ್ಯಾಪಾರ: ಇವರಿಗೆ ಬಕೆಟ್. ಆದರೆ ಸ್ಕ್ರಿಪ್ಟ್ ಬರೆದವನ ಜತೆ ವರ್ಷದ ಒಪ್ಪಂದ ಬರವಣಿಗೆಯಲ್ಲಿರಲಿ. ಕ್ಲೌಡ್ ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಲಿ, ಅವನದರಲ್ಲಿ ಅಲ್ಲ. ಒಂದು ಮಧ್ಯದ ದಾರಿಯೂ ಇದೆ: ತಿದ್ದುವುದು ಶೀಟಿನಲ್ಲಿ, ಹಂಚುವುದು ಬಕೆಟ್‌ನಿಂದ. ಶೀಟಿನೊಳಗಿನ ಆ್ಯಪ್ಸ್ ಸ್ಕ್ರಿಪ್ಟ್ ಗಂಟೆಗೊಮ್ಮೆ ಪಟ್ಟಿ ಕಳಿಸುತ್ತದೆ. ಮನುಷ್ಯರಿಗೆ ಕಾಣುವ ಜಾಗವೂ ಸಿಕ್ಕಿತು, ಯಂತ್ರಗಳಿಗೆ ಗಟ್ಟಿ ದಾರಿಯೂ ಸಿಕ್ಕಿತು. ನನ್ನನ್ನು ಕೇಳಿದರೆ ದೊಡ್ಡ ವ್ಯಾಪಾರಕ್ಕೆ ಇದೇ ಸರಿ.

ಯಾವುದನ್ನೇ ಹಿಡಿದರೂ ಪಾರ್ಟಿಯ ಬ್ಯಾಂಕ್ ಖಾತೆ ನಂಬರು ಮಾತ್ರ ತಾನಾಗಿ ಹೋಗಬಾರದು. 'ನಮ್ಮ ಖಾತೆ ಬದಲಾಗಿದೆ' ಎಂದು ಸುಳ್ಳು ಇಮೇಲ್ ಕಳಿಸಿ ದುಡ್ಡು ಹೊಡೆಯುವವರಿದ್ದಾರೆ. ಅಂಥ ಒಂದು ನಂಬರು ಪಟ್ಟಿ ಸೇರಿದರೆ ಸಿಂಕ್ ಅದನ್ನು ನಿಷ್ಠೆಯಿಂದ ಎಲ್ಲಾ ಕಡೆ ತಲುಪಿಸುತ್ತದೆ. ಖಾತೆ ಬದಲಾದರೆ ಹಳೆ ಫೋನ್ ನಂಬರಿಗೇ ಕರೆ ಮಾಡಿ, ಮಾತಾಡಿ, ಕೈಯಿಂದ ತಿದ್ದಿ.

ಶುರು ಮಾಡುವುದು ಮಾರ್ಚ್‌ನಲ್ಲಿ ಬೇಡ, ದಸರಾ ದೀಪಾವಳಿ ಸೀಸನ್ನಿನಲ್ಲೂ ಬೇಡ. ಮೊದಲು ಐಟಂ ಪಟ್ಟಿ, ಅದು ಎರಡು ವಾರ ಸುಸೂತ್ರವಾಗಿ ನಡೆದ ಮೇಲೆ ಪಾರ್ಟಿ. ಕೌಲ್ ಬಜಾರ್‌ನವರು ಶೀಟನ್ನೇ ಹಿಡಿದರು. 640 ಎಂದಿದ್ದ ಪಾರ್ಟಿ ಪಟ್ಟಿ ಡಬಲ್‌ಗಳನ್ನು ತೆಗೆದ ಮೇಲೆ 410ಕ್ಕೆ ಇಳಿಯಿತು. ಆ ಕೆಲಸಕ್ಕೆ ಒಂಬತ್ತು ದಿನ, ಸಿಂಕ್ ಹಚ್ಚಲು ಅರ್ಧ ದಿನ. ಗುಂತಕಲ್‌ನವರಿಗೆ ಪಿ0001 ಕೊಟ್ಟಿದ್ದೇವೆ.